ರೇನಾಕ್ಸ್ 150, ರೇನಾಕ್ಸ್ 250: ಬಯಲುಸೀಮೆಯ ಹುಲ್ಲಿಗೆ, ಹೂವಿಗೆ, ಹುಳಕ್ಕೆ ಯಾವುದು ಸರಿ?

ಹುಬ್ಬೆ, ಉತ್ತರೆ ಮಳೆ ಬಿದ್ದು ಹತ್ತು ದಿನ ಕಳೆಯಲಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲಿನ ಕಥೆಯೇ ಬೇರೆ. ನಿಂತು ನೋಡಿದರೆ ಹುಲ್ಲು, ಆಚೆ ಕೃಷ್ಣಮೃಗದ ಹಿಂಡು. ಮಂಡಿಯೂರಿ ಕೂತರೆ ಹುಲ್ಲಿನ ಬುಡದಲ್ಲಿ ವಿಷ್ಣುಕ್ರಾಂತಿಯ ನೀಲಿ, ನೆಗ್ಗಿಲಿನ ಹಳದಿ, ತುಂಬೆಯ ಬಿಳಿ. ಒಂದೊಂದು ಹೂವಿಗೂ ಒಂದೊಂದು ಹುಳ. ಇಲ್ಲಿಗೆ ಬರುವವರ ಹೆಗಲಲ್ಲಿ ಸಾಮಾನ್ಯವಾಗಿ ಇರುವುದು ಜಿಂಕೆ, ಹಕ್ಕಿಗೆಂದು ತಂದ 55-250 ಅಥವಾ 70-300 ಮಿ.ಮೀ. ಝೂಮ್ ಲೆನ್ಸು. ಅದೇ ಲೆನ್ಸಿನ ಮೂತಿಗೆ ಸಿಕ್ಕಿಸಿ ಹುಳದ ಕಣ್ಣಿನವರೆಗೆ ಹೋಗಬಹುದಾದ ಎರಡು ಗಾಜುಗಳ ವಿಮರ್ಶೆ ಇದು: ಜಪಾನಿನ ರೇನಾಕ್ಸ್ ಬ್ರ್ಯಾಂಡಿನ ಡಿಸಿಆರ್-150 ಮತ್ತು ಡಿಸಿಆರ್-250.

ನೇರವಾಗಿ ಹೇಳುವುದಾದರೆ, ಎಲ್ಲರೂ ಕೊಳ್ಳುವುದು 250. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬಯಲಿಗೆ ಮೊದಲು ಕೊಳ್ಳಬೇಕಾದ್ದು 150. ಯಾಕೆಂದು ಲೆಕ್ಕ ಹಾಕಿಯೇ ತೋರಿಸಬಹುದು.

ಎರಡೂ ಕ್ಲೋಸಪ್ ಲೆನ್ಸುಗಳೇ, ಅಂದರೆ ಓದುವ ಕನ್ನಡಕದ ಅಣ್ಣತಮ್ಮಂದಿರು. ಅಂಗಡಿಯಲ್ಲಿ ನಾಲ್ಕರ ಸೆಟ್ಟಾಗಿ ಸಿಗುವ ಅಗ್ಗದ ಕ್ಲೋಸಪ್ ಫಿಲ್ಟರಿನಂತೆ ಇವು ಒಂಟಿ ಗಾಜಲ್ಲ, ಗಾಜುಗಳನ್ನು ಜೋಡಿಸಿ ಬಣ್ಣದ ಅಂಚು ಬಾರದಂತೆ ತಿದ್ದಿದವು. 150ರ ಶಕ್ತಿ 4.8 ಡಯಾಪ್ಟರ್, 250ರದು 8. ಸಾವಿರವನ್ನು ಡಯಾಪ್ಟರಿನಿಂದ ಭಾಗಿಸಿದರೆ ಗಾಜಿನ ಫೋಕಲ್ ಲೆಂಗ್ತ್ (ಬೆಳಕನ್ನು ಒಂದು ಬಿಂದುವಿಗೆ ತರುವ ದೂರ) ಮಿಲಿಮೀಟರಿನಲ್ಲಿ ಸಿಗುತ್ತದೆ: 150ಕ್ಕೆ ಸುಮಾರು 208, 250ಕ್ಕೆ 125. ಝೂಮನ್ನು ಅನಂತಕ್ಕೆ ಫೋಕಸ್ ಮಾಡಿಟ್ಟಾಗ ಹುಳ ಇರಬೇಕಾದ ದೂರವೂ ಹೆಚ್ಚುಕಡಿಮೆ ಅಷ್ಟೇ. ಒಂದಕ್ಕೆ ಒಂದು ಗೇಣು, ಇನ್ನೊಂದಕ್ಕೆ ಅದರ ಅರ್ಧಕ್ಕಿಂತ ತುಸು ಹೆಚ್ಚು.

ಹಿಗ್ಗುವಿಕೆಯ, ಅಂದರೆ ಕ್ಯಾಮೆರಾದೊಳಗಿನ ಸೆನ್ಸರಿನ ಮೇಲೆ ಬೀಳುವ ಚಿತ್ರ ಹುಳದ ನಿಜ ಗಾತ್ರದ ಎಷ್ಟು ಪಟ್ಟು ಎಂಬುದರ ಲೆಕ್ಕವೂ ಸುಲಭ. ಝೂಮಿನ ಫೋಕಲ್ ಲೆಂಗ್ತನ್ನು ಗಾಜಿನದರಿಂದ ಭಾಗಿಸಿ. 250 ಮಿ.ಮೀ.ನಲ್ಲಿ ಡಿಸಿಆರ್-150 ಕೊಡುವುದು 1.2 ಪಟ್ಟು, ಡಿಸಿಆರ್-250 ಕೊಡುವುದು 2 ಪಟ್ಟು. ಕ್ಯಾನನ್ನಿನ ಎಪಿಎಸ್-ಸಿ ಅಳತೆಯ ಸೆನ್ಸರ್ 22.3 ಮಿ.ಮೀ. ಅಗಲ. ಹಾಗಾಗಿ 1.2 ಪಟ್ಟಿನಲ್ಲಿ ಚೌಕಟ್ಟಿಗೆ ಬೀಳುವುದು ಹದಿನೆಂಟೂವರೆ ಮಿ.ಮೀ. ಅಗಲದ ಜಾಗ, 2 ಪಟ್ಟಿನಲ್ಲಿ ಹನ್ನೊಂದು. ಝೂಮನ್ನು 100ಕ್ಕೆ ಇಳಿಸಿದರೆ 150ರಲ್ಲಿ ಸುಮಾರು 46 ಮಿ.ಮೀ., 250ರಲ್ಲಿ 28.

ಈಗ ಬಯಲಿನಲ್ಲಿ ಸಿಗುವವರ ಅಳತೆ ನೋಡಿ. ಎಕ್ಕದ ಗಿಡದ ಹಳದಿ-ನೀಲಿ ಪಟ್ಟೆಯ ಮಿಡತೆ ಐದಾರು ಸೆಂ.ಮೀ. ಉದ್ದ ಬೆಳೆಯುತ್ತದೆ, ಅದೇ ಎಕ್ಕದಲ್ಲಿ ಮೊಟ್ಟೆಯಿಡುವ ಪ್ಲೇನ್ ಟೈಗರ್ ಚಿಟ್ಟೆಯ ರೆಕ್ಕೆಯಗಲ ಏಳೆಂಟು ಸೆಂ.ಮೀ. ಇವಕ್ಕೆ ಯಾವ ಗಾಜೂ ಬೇಡ, ಬರಿಯ 55-250 ಸಾಕು. ಹುಚ್ಚೆಳ್ಳಿನ ಹೂವು, ಅದರ ಮೇಲೆ ಕೂತ ತುಡುವೆ ಜೇನು, ಸಣ್ಣ ನೀಲಿ ಚಿಟ್ಟೆಗಳು, ಸೂರ್ಯನ ಕುದುರೆಯ ಮರಿ, ಮೊದಲ ಮಳೆಗೆ ನೆಲದಿಂದೇಳುವ ಕೆಂಪು ಮಖಮಲ್ಲಿನಂಥ ಹುಳ, ಇವೆಲ್ಲ ಒಂದರಿಂದ ಮೂರು ಸೆಂ.ಮೀ. ಒಳಗಿನವು. ಅಲ್ಲಿ 150 ಅಳತೆ ಹೊಲಿಸಿದ ಅಂಗಿ. ದೇಶದ ಅತಿ ಚಿಕ್ಕ ಚಿಟ್ಟೆಗಳಲ್ಲಿ ಒಂದಾದ ಗ್ರಾಸ್ ಜ್ಯುವೆಲ್ ಕೂಡ ರೆಕ್ಕೆ ಮಡಚಿ ಕೂತರೆ ಸುಮಾರು ಒಂದು ಸೆಂ.ಮೀ.; 1.2 ಪಟ್ಟಿನಲ್ಲಿ ಚೌಕಟ್ಟಿನ ಅರ್ಧ ತುಂಬುತ್ತದೆ, ಸುತ್ತ ಉಸಿರಾಡುವಷ್ಟು ಜಾಗ ಉಳಿಯುತ್ತದೆ. ಹಿಂದಿನ ರೆಕ್ಕೆಯ ಅಂಚಿನ ಕಪ್ಪು ಚುಕ್ಕಿಗಳಲ್ಲಿ ಹೊಳೆಯುವ ಲೋಹದ ಹೊಳಪು, ಅದರ ಪಕ್ಕದ ಕಿತ್ತಳೆ, ಎಲ್ಲವೂ ಕಾಣುತ್ತದೆ. 250 ಹಾಕಿದರೆ ಅದೇ ಚಿಟ್ಟೆಯ ಮೀಸೆ ಚೌಕಟ್ಟಿನಾಚೆ ಹೋಗುತ್ತದೆ.

ದೂರದ ಮಾತು ಇನ್ನೂ ಮುಖ್ಯ. ಹುಲ್ಲುಗಾವಲಿನಲ್ಲಿ ಹುಳ ಒಂಟಿಯಾಗಿ ಬಯಲಿಗೆ ಬಂದು ಕೂರುವುದಿಲ್ಲ, ಹುಲ್ಲಿನೊಳಗೆ ಇರುತ್ತದೆ. ಹನ್ನೆರಡು ಸೆಂ.ಮೀ. ದೂರಕ್ಕೆ ಲೆನ್ಸು ಒಯ್ಯುವಾಗ ಅದರ ಮೂತಿ ಅಕ್ಕಪಕ್ಕದ ಎರಡು ಕಡ್ಡಿಗಳನ್ನು ತಳ್ಳುತ್ತದೆ, ತಳ್ಳಿದ ಕಡ್ಡಿ ಹುಳ ಕೂತ ಕಡ್ಡಿಯನ್ನು ಅಲುಗಿಸುತ್ತದೆ, ಹುಳ ಕೆಳಗೆ ಜಾರಿ ಬೀಳುತ್ತದೆ. 250 ಸಿಕ್ಕಿಸಿಕೊಂಡು ಇಡೀ ಬೆಳಿಗ್ಗೆ ಕಳೆದರೂ ಚಿತ್ರ ಬರದಿರುವುದಕ್ಕೆ ಮುಕ್ಕಾಲು ಪಾಲು ಕಾರಣ ಇಷ್ಟೇ. ಇಪ್ಪತ್ತು ಸೆಂ.ಮೀ. ಇದ್ದರೆ ಹುಲ್ಲಿನ ಅಂಚಿನಿಂದಲೇ ಒಳಗಿನದನ್ನು ತೆಗೆಯಬಹುದು.

ಗಾಳಿಯ ಲೆಕ್ಕವೂ ಸೇರಲಿ. ಹೂವು ಒಂದು ಮಿ.ಮೀ. ಆಡಿದರೆ 2 ಪಟ್ಟಿನಲ್ಲಿ ಅದು ಚೌಕಟ್ಟಿನ ಹನ್ನೊಂದನೇ ಒಂದು ಭಾಗ ಸರಿದಂತೆ. ಆಷಾಢದ ಗಾಳಿಯಲ್ಲಿ ಹೂವು ಆಡುವುದು ಮಿ.ಮೀ. ಲೆಕ್ಕದಲ್ಲಲ್ಲ, ಅಂಗುಲದ ಲೆಕ್ಕದಲ್ಲಿ. ಆ ತಿಂಗಳು ಎರಡು ಗಾಜನ್ನೂ ಮನೆಯಲ್ಲಿಟ್ಟು ಹಕ್ಕಿ ನೋಡುವುದೇ ಲೇಸು.

ಹಾಗಂತ 250 ದಂಡವಲ್ಲ. ಹುಚ್ಚೆಳ್ಳಿನ ಹಳದಿಯಲ್ಲಿ ಅಡಗಿ ಕೂರುವ ಏಡಿ ಜೇಡದ ಕಣ್ಣುಗಳು, ಎಲೆ ಅಡಿಯ ಮೊಟ್ಟೆಗಳು, ಹೂವಿನೊಳಗಿನ ಕೇಸರ, ಗೆದ್ದಲು, ಇರುವೆ, ಹೇನುಹುಳಗಳನ್ನು ಮೇಯಿಸುವ ಇರುವೆ: ಐದಾರು ಮಿ.ಮೀ. ಗಿಂತ ಚಿಕ್ಕದೇನಿದ್ದರೂ 150ಕ್ಕೆ ಎಟುಕದು. ಮುಂಜಾನೆಯ ಚಳಿಗೆ ಅಲುಗದೆ ಕೂತ ಹುಳಕ್ಕೂ 250 ಒಳ್ಳೆಯದೇ. ಎರಡನೆಯ ಖರೀದಿಗೆ ಅದಕ್ಕೆ ಸಮನಾದ್ದಿಲ್ಲ.

ಸಿಕ್ಕಿಸುವ ವಿಧಾನಕ್ಕೆ ಬರೋಣ. ಜೊತೆಗೆ ಬರುವ ಪ್ಲಾಸ್ಟಿಕ್ ಕ್ಲಿಪ್ಪು 52ರಿಂದ 67 ಮಿ.ಮೀ. ಫಿಲ್ಟರ್ ಅಳತೆಯ ಲೆನ್ಸುಗಳಿಗೆ ಕೂರುತ್ತದೆ. ಲೆನ್ಸಿನ ಮುಚ್ಚಳದ ಹಾಗೆಯೇ ಎರಡು ಬದಿ ಒತ್ತಿ ಹಾಕುವುದು, ಒತ್ತಿ ತೆಗೆಯುವುದು. ಎರಡು ಸೆಕೆಂಡಿನ ಕೆಲಸ. ಹುಳ ತೆಗೆಯುತ್ತಿರುವಾಗ ಕೃಷ್ಣಮೃಗ ಎದುರಿಗೆ ಬಂದರೆ ಕಿತ್ತು ಜೇಬಿಗೆ ಹಾಕಬಹುದು. ಈ ಅನುಕೂಲವೇ ಈ ಗಾಜುಗಳ ದೊಡ್ಡ ಗುಣ. ಸಣ್ಣ ವಸ್ತುಗಳನ್ನು ಹತ್ತಿರದಿಂದ ತೆಗೆಯಲೆಂದೇ ಮಾಡಿದ ಮ್ಯಾಕ್ರೋ ಲೆನ್ಸಿಗೆ ಇದು ಇಲ್ಲ. ಆದರೆ ಕ್ಲಿಪ್ಪು ಹುಲ್ಲಿಗೆ ತಾಗಿದರೆ ಕಳಚುವ ಸಂಭವ ಇದ್ದೇ ಇದೆ. ಕಪ್ಪು ಗಾಜು ಹುಲ್ಲಿನಲ್ಲಿ ಬಿದ್ದರೆ ಹುಡುಕುವುದು ಕಷ್ಟ. ಕ್ಲಿಪ್ಪಿಗೆ ಒಂದು ಗೇಣು ಕೆಂಪು ಉಲ್ಲನ್ ದಾರ ಕಟ್ಟಿ, ಇನ್ನೊಂದು ತುದಿಯನ್ನು ಕ್ಯಾಮೆರಾ ಪಟ್ಟಿಗೆ ಗಂಟು ಹಾಕಿ. ಹುಳವೇ ಗುರಿ ಎಂದು ಹೊರಟ ದಿನ ಕ್ಲಿಪ್ಪನ್ನು ಬಿಟ್ಟು, ದೊಡ್ಡ ಬಾಯಿಯ ಲೆನ್ಸಿಗೆ ಚಿಕ್ಕ ತಿರುಪಿನ ಗಾಜು ಕೂರಿಸುವ ಲೋಹದ ಸ್ಟೆಪ್-ಡೌನ್ ರಿಂಗ್ ಹಾಕಿ. ಗಾಜಿನ ಹಿಂಬದಿಯ ತಿರುಪು 43 ಮಿ.ಮೀ.; ಲೆನ್ಸು 58 ಆದರೆ 58-43, 52 ಆದರೆ 52-43 ರಿಂಗ್ ಬೇಕು. ಮುಂದೆ ಯುವಿ ಫಿಲ್ಟರ್ ಇದ್ದರೆ ಮೊದಲು ಬಿಚ್ಚಿ, ಇಲ್ಲದಿದ್ದರೆ ಗಾಜು ದೂರ ಸರಿದು ಮೂಲೆ ಕಪ್ಪಾಗುತ್ತದೆ.

ಮೂಲೆ ಕಪ್ಪಾಗುವ ಇನ್ನೊಂದು ಕಾರಣ ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸು. 18-55ಕ್ಕೆ ಹಾಕಿ "ಸುತ್ತ ಗುಂಡಗೆ ಕತ್ತಲೆ ಬರುತ್ತದೆ" ಎಂದು ದೂರುವವರಿದ್ದಾರೆ. ಗಾಜಿನ ದೋಷವಲ್ಲ ಅದು. ಇದರ ಬಾಯಿಯೇ ಚಿಕ್ಕದು, ಅಗಲ ನೋಟದ ಲೆನ್ಸಿಗೆ ಅದರ ಅಂಚು ಕಾಣಲೇಬೇಕು. 100 ಮಿ.ಮೀ. ದಾಟಿದ ಮೇಲೆ ನಿಶ್ಚಿಂತೆ. 77 ಮಿ.ಮೀ. ಬಾಯಿಯ ದೊಡ್ಡ ಝೂಮುಗಳಿಗೆ ಕ್ಲಿಪ್ಪು ಕೂರುವುದೇ ಇಲ್ಲ.

ಇನ್ನು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ; ಎಫ್ ಸಂಖ್ಯೆ ಏರಿದಷ್ಟೂ ಕಿಂಡಿ ಚಿಕ್ಕದು. ಇಲ್ಲಿ ಅನುಭವಸ್ಥರೂ ಎಡವುತ್ತಾರೆ. ನಿಜವಾದ ಮ್ಯಾಕ್ರೋ ಲೆನ್ಸನ್ನು 1 ಪಟ್ಟಿಗೆ ಒಯ್ದಾಗ ಎಫ್/11 ಎನ್ನುವುದು ಬೆಳಕಿನ ಮಟ್ಟಿಗೂ ಫೋಕಸಿನ ಆಳದ (ಹರಿತವಾಗಿ ಕಾಣುವ ಪದರದ ದಪ್ಪದ) ಮಟ್ಟಿಗೂ ಸುಮಾರು ಎಫ್/22ರಂತೆ ವರ್ತಿಸುತ್ತದೆ. ಕ್ಲೋಸಪ್ ಗಾಜಿನಲ್ಲಿ, ಝೂಮ್ ಅನಂತದಲ್ಲಿದ್ದಾಗ, ಎಫ್/11 ಎಂದರೆ ಎಫ್/11ಕ್ಕೇ ನಿಲ್ಲುತ್ತದೆ. ಬೆಳಕು ನಷ್ಟವಾಗುವುದಿಲ್ಲ, ಆದರೆ ಫೋಕಸಿನ ಆಳವೂ ಕಡಿಮೆ: 1.2 ಪಟ್ಟಿನಲ್ಲಿ ಎಫ್/11ಕ್ಕೆ ಸುಮಾರು 0.3 ಮಿ.ಮೀ., 2 ಪಟ್ಟಿನಲ್ಲಿ 0.1 ಮಿ.ಮೀ. ಮ್ಯಾಕ್ರೋ ಲೆನ್ಸಿನವರು ಹೇಳಿದರೆಂದು ಎಫ್/8ರಲ್ಲೇ ತೆಗೆದು ಕೂತರೆ ಜೇನಿನ ಕಣ್ಣಿನ ಒಂದು ಗೀರು ಬಿಟ್ಟು ಮಿಕ್ಕಿದ್ದೆಲ್ಲ ಮಂಜು. ಎಫ್/16ಕ್ಕೆ ಹೋಗಲು ಹೆದರಬೇಡಿ, ಆಳ 1.2 ಪಟ್ಟಿನಲ್ಲಿ 0.4ಕ್ಕೆ, 2 ಪಟ್ಟಿನಲ್ಲಿ 0.15ಕ್ಕೆ ಏರುತ್ತದೆ. ಎಫ್/22ಕ್ಕೆ ಮಾತ್ರ ಹೋಗುವುದು ಬೇಡ, ಚಿತ್ರದ ಹರಿತ ಕುಂದುತ್ತದೆ.

ಎಫ್/16 ಎಂದ ಮೇಲೆ ಫ್ಲ್ಯಾಶ್ ಬೇಕೇ ಬೇಕು. ಫ್ಲ್ಯಾಶ್ ಎಂದ ಮೇಲೆ ಡಿಫ್ಯೂಸರ್, ಅಂದರೆ ಅದರ ಬೆಳಕನ್ನು ಹರಡಿ ಮೃದುವಾಗಿಸುವ ಪರದೆ. ಎರಡು ಗಾಜುಗಳ ನಡುವಿನ ವ್ಯತ್ಯಾಸಕ್ಕಿಂತ ಒಳ್ಳೆಯ ಡಿಫ್ಯೂಸರಿಗೂ ಕೆಟ್ಟದ್ದಕ್ಕೂ ಇರುವ ವ್ಯತ್ಯಾಸ ದೊಡ್ಡದು. ದುಂಬಿಯ ಬೆನ್ನು, ಮಿಡತೆಯ ತಲೆ ಎಲ್ಲ ಕನ್ನಡಿಯ ಜಾತಿ. ಬೆಳಕಿನ ಮೂಲ ಎಷ್ಟು ದೊಡ್ಡದೋ ಅಷ್ಟು ದೊಡ್ಡ ಮೃದು ಹೊಳಪು; ಚಿಕ್ಕದಾದರೆ ಸುಣ್ಣದ ಚುಕ್ಕಿ.

ಕೊಂಡದ್ದಕ್ಕಿಂತ ಮನೆಯಲ್ಲಿ ಮಾಡಿದ್ದೇ ಇಲ್ಲಿ ಮೇಲು. ಫ್ಲೆಕ್ಸ್ ಅಂಗಡಿಯಲ್ಲಿ 3 ಮಿ.ಮೀ. ಸನ್‌ಬೋರ್ಡಿನ ತುಂಡುಗಳು ಬೇಡಿದರೆ ಸಿಗುತ್ತವೆ. 25 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಮುಚ್ಚಿದ ಕಾಲುವೆಯಂತೆ ಮಡಚಿ, ಒಳಗೆ ಅಡುಗೆ ಫಾಯಿಲ್ ಅಂಟಿಸಿ. ಹಿಂಬದಿ ಫ್ಲ್ಯಾಶಿನ ತಲೆಗೆ, ಮುಂಬದಿ ಲೆನ್ಸಿನ ಮೂತಿಯ ಮೇಲಕ್ಕೆ ಬಂದು ಕೆಳಮುಖವಾಗಿ ಬಾಗಬೇಕು. ಆ ಬಾಯಿಗೆ 20×15 ಸೆಂ.ಮೀ. ಬಿಳಿ ಫೋಮ್ ಹಾಳೆ, ಮಿಕ್ಸಿ, ಟಿವಿ ಸುತ್ತಿ ಬರುತ್ತದಲ್ಲ ಅದೇ. ಒಂದು ಪದರ ಸಾಲದು. ಎರಡು ಪದರ ಹಾಕಿ, ನಡುವೆ ಎರಡು ಮೂರು ಸೆಂ.ಮೀ. ಖಾಲಿ ಬಿಡಿ. ಎರಡನ್ನೂ ಒತ್ತಿ ಅಂಟಿಸಿದರೆ ಒಂದೇ ಪದರದಷ್ಟೇ ಪ್ರಯೋಜನ. ಚಾರ್ಟ್ ಪೇಪರಿನಲ್ಲಿ ಮಾಡುವವರು ಇಬ್ಬನಿಯಲ್ಲಿ ಅರ್ಧ ಗಂಟೆ ಕಳೆದ ಮೇಲೆ ಅದು ಸೊಂಡಿಲಿನಂತೆ ಜೋತುಬೀಳುವುದನ್ನು ನೋಡುತ್ತಾರೆ.

ಪರೀಕ್ಷೆ ಮನೆಯಲ್ಲೇ ಮಾಡಿ. ಸ್ಟೀಲ್ ಚಮಚದ ಬೆನ್ನನ್ನು ಇದೇ ದೂರದಿಂದ ತೆಗೆಯಿರಿ. ಚಮಚದಲ್ಲಿ ಡಿಫ್ಯೂಸರಿನ ಆಕಾರ ಬಿಳಿಯಾಗಿ ಮೂಡುತ್ತದೆ. ಅದರ ನಡುವೆ ಇನ್ನೂ ಬೆಳ್ಳಗಿನ ಕಣ್ಣೊಂದು ಕಂಡರೆ ಬೆಳಕು ಹರಡಿಲ್ಲ. ಒಳಗಿನ ಪದರದ ಮಧ್ಯಕ್ಕೆ ಅಂಗೈಯಗಲದ ಇನ್ನೊಂದು ತುಂಡು ಅಂಟಿಸಿ. ಇಡೀ ಆಕಾರ ಒಂದೇ ಸಮ ಬೆಳ್ಳಗಾಗುವವರೆಗೆ ಹೀಗೆ ತಿದ್ದಿ.

150ಕ್ಕೆ ಬರುವ ಒಂದೇ ತೊಡಕು ಇಲ್ಲಿದೆ. ಹುಳ ದೂರವಿರುವುದರಿಂದ ಡಿಫ್ಯೂಸರೂ ದೂರ. 208ಕ್ಕೂ 125ಕ್ಕೂ ಹೋಲಿಸಿದರೆ ಬೆಳಕು ಸುಮಾರು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಇಳಿಯುತ್ತದೆ, ಮೂಲವೂ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ 250ಕ್ಕೆ ಮಾಡಿದ ಡಿಫ್ಯೂಸರನ್ನೇ 150ಕ್ಕೆ ಬಳಸಿದರೆ ಹೊಳಪು ಗಡಸಾಗುತ್ತದೆ. ಬಾಯಿಯನ್ನು ಆರೇಳು ಸೆಂ.ಮೀ. ಮುಂದಕ್ಕೆ ಚಾಚಿ ಮಾಡಿ, ಫ್ಲ್ಯಾಶಿನ ಶಕ್ತಿ ಒಂದೆರಡು ಮೆಟ್ಟಿಲು ಏರಿಸಿ. ಪೂರ್ಣ ಶಕ್ತಿಯ 1/16ರಿಂದ 1/8ರೊಳಗೆ ಮುಗಿದರೆ ಒಳ್ಳೆಯದು. ಕಡಿಮೆ ಶಕ್ತಿಯಲ್ಲಿ ಮಿಂಚು ಕ್ಷಣಿಕ, ಹುಳದ ಚಲನೆ ಅಲ್ಲೇ ಹೆಪ್ಪುಗಟ್ಟುತ್ತದೆ. ಶಟರ್ 1/200, ಐಎಸ್‌ಒ 200ರಿಂದ 400. ಹಿನ್ನೆಲೆ ಕಗ್ಗತ್ತಲಾಗಿ ಹಗಲಿನ ಹೂವು ರಾತ್ರಿ ಅರಳಿದಂತೆ ಕಂಡರೆ ಎರಡು ದಾರಿ: ಐಎಸ್‌ಒ 800ಕ್ಕೆ ಏರಿಸಿ ಬಯಲಿನ ಬೆಳಕನ್ನೂ ಸೇರಿಸಿಕೊಳ್ಳಿ, ಅಥವಾ ಹುಳದ ಬೆನ್ನಿಗೆ ಒಂದು ಚೋಟು ಹಿಂದೆ ಹುಲ್ಲೋ ಎಲೆಯೋ ಬರುವಂತೆ ಕೋನ ಬದಲಿಸಿ.

ಬಳಸುವ ಕ್ರಮ ಹೀಗೆ. ಆಟೋಫೋಕಸ್ ಆಫ್ ಮಾಡಿ, ಹೂವಿನ ಮುಂದೆ ಅದು ಹಿಂದೆ ಮುಂದೆ ಓಡಾಡಿ ಬ್ಯಾಟರಿ ತಿನ್ನುವುದಷ್ಟೇ. ಝೂಮಿನಲ್ಲಿ ಚೌಕಟ್ಟಿನ ಗಾತ್ರ ಆಯ್ದುಕೊಂಡು, ಮೈಯನ್ನೇ ಕೂದಲೆಳೆಯಷ್ಟು ಮುಂದೆ ತೂಗಿ, ಕಣ್ಣು ಹರಿತವಾದ ಕ್ಷಣ ಒತ್ತುವುದು. ಎಡಗೈಯ ಹೆಬ್ಬೆರಳು ತೋರುಬೆರಳಲ್ಲಿ ಹೂವಿನ ಕಡ್ಡಿಯನ್ನು ಹುಳಕ್ಕಿಂತ ಒಂದು ಗೇಣು ಕೆಳಗೆ ಹಿಡಿದು, ಅದೇ ಕೈಯ ಮಣಿಕಟ್ಟಿನ ಮೇಲೆ ಲೆನ್ಸು ಊರಿದರೆ ಹೂವೂ ಕ್ಯಾಮೆರಾವೂ ಒಟ್ಟಿಗೇ ಆಡುತ್ತವೆ, ಗಾಳಿಯ ಅರ್ಧ ಕಾಟ ಅಲ್ಲಿಗೆ ಮುಗಿಯಿತು. ಇದು 150ರಲ್ಲಿ ಆರಾಮ, 250ರಲ್ಲಿ ಕೈಗೂ ಲೆನ್ಸಿಗೂ ನಡುವೆ ಜಾಗವೇ ಸಾಲದು. ನೆಲಮಟ್ಟದ ವಿಷ್ಣುಕ್ರಾಂತಿಗೆ ಒಂದು ಕಿಲೋ ಹುರುಳಿ ತುಂಬಿದ ಬಟ್ಟೆ ಚೀಲ ಟ್ರೈಪಾಡಿಗಿಂತ ಉಪಯೋಗಿ. ಮಂಡಿಯ ಕೆಳಗೆ ಮಡಚಿದ ಗೋಣಿಚೀಲ ಇರಲಿ. ನೆಗ್ಗಿಲಿನ ಹೂವು ಚೆಂದ, ಮುಳ್ಳು ಅಲ್ಲ. ಊರುವ ಮೊದಲು ಕೋಲಿನಿಂದ ಹುಲ್ಲು ತಟ್ಟಿ ನೋಡಿ, ಕೊಳಕುಮಂಡಲ ಇರುವ ಸೀಮೆ ಇದು.

ಹೊತ್ತು: ಸೂರ್ಯ ಹುಟ್ಟಿದ ಮೊದಲ ಒಂದೂವರೆ ಗಂಟೆ. ನೀಲಿ ಪಟ್ಟೆಯ ಒಂಟಿ ಜೇನಿನ ಗಂಡುಗಳು ಒಣ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು ಸಾಲಾಗಿ ಮಲಗಿರುತ್ತವೆ. ಮೈ ಬೆಚ್ಚಗಾಗುವವರೆಗೆ ಹಾರುವುದಿಲ್ಲ. ಸಂಜೆ ಅವು ಬಂದು ಕೂರುವ ಕಡ್ಡಿಯನ್ನು ಗುರುತಿಟ್ಟುಕೊಂಡರೆ ಬೆಳಿಗ್ಗೆ ಹುಡುಕಾಟವಿಲ್ಲ. ವಿಷ್ಣುಕ್ರಾಂತಿ ಬೆಳಿಗ್ಗೆ ಅರಳಿ ಬಿಸಿಲೇರಿದಂತೆ ಮುದುಡುತ್ತದೆ, ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ. ಅದರ ನೀಲಿಯನ್ನು ಆಟೋ ವೈಟ್ ಬ್ಯಾಲೆನ್ಸ್ ಕೆಡಿಸುತ್ತದೆ, ಡೇಲೈಟಿಗೆ ಕಟ್ಟಿಹಾಕಿ. ಹುಚ್ಚೆಳ್ಳು, ತಂಗಡಿಯ ಹಳದಿಗೆ ಇನ್ನೊಂದು ರೋಗ: ಕೆಂಪು ವಾಹಿನಿ ಮೊದಲು ತುಂಬಿ ದಳದ ಗೆರೆಗಳೆಲ್ಲ ಅಳಿಸಿ ಸಪಾಟು ಹಳದಿಯಾಗುತ್ತದೆ. ಕ್ಯಾಮೆರಾ ಪರದೆಯಲ್ಲಿ ಮೂರು ಬಣ್ಣದ ಹಿಸ್ಟೊಗ್ರಾಮ್ (ಬೆಳಕಿನ ನಕ್ಷೆ) ನೋಡಿ, ಬೆಳಕನ್ನು ಮೂರನೇ ಎರಡು ಸ್ಟಾಪ್ ಇಳಿಸಿ. ಹುಚ್ಚೆಳ್ಳಿಗೆ ಸಂರಕ್ಷಿತ ಪ್ರದೇಶಕ್ಕೇ ಹೋಗಬೇಕೆಂದಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆಯ ಜೊತೆಗೇ ಇರುತ್ತದೆ, ರೈತರನ್ನು ಒಂದು ಮಾತು ಕೇಳಿ ಬದುವಿನ ಮೇಲೆ ಕೂತರಾಯಿತು.

ಮೈದನಹಳ್ಳಿಗೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು. 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅದು, 2007ರಲ್ಲಿ ಘೋಷಿತವಾದದ್ದು. ಟಿಟ್ಟಿಭದಂಥ ಹಕ್ಕಿಗಳು ನೆಲದ ಮೇಲೇ ಮೊಟ್ಟೆಯಿಡುತ್ತವೆ. ಹುಳದ ಹಿಂದೆ ಕಣ್ಣಿಟ್ಟು ತೆವಳುವವರಿಗೆ ಮೊಟ್ಟೆ ಕಾಣುವುದಿಲ್ಲ. ತಲೆಯ ಮೇಲೆ ಟಿಟ್ಟಿಭ ಕೂಗುತ್ತ ಸುತ್ತುತ್ತಿದ್ದರೆ ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮಂಕು ಮಾಡಿ ತಂದು ಹೂವಿನ ಮೇಲೆ ಕೂರಿಸಿ ತೆಗೆದ ಚಿತ್ರಗಳೂ ಓಡಾಡುತ್ತಿವೆ. ಕಾಲುಗಳು ಕಡ್ಡಿಯನ್ನು ಹಿಡಿದಿರುವುದಿಲ್ಲ, ಬರೀ ತಾಗಿರುತ್ತವೆ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಗಾಜಿನ ನಿರ್ವಹಣೆಯಲ್ಲಿ ಕೆಡುವುದು ಮಂಜಿನಿಂದ. ಎಸಿ ಕಾರಿನಿಂದ ನೇರ ಇಬ್ಬನಿಯ ಬಯಲಿಗೆ ಇಳಿದರೆ ಲೆನ್ಸಿಗೂ ಕ್ಲೋಸಪ್ ಗಾಜಿಗೂ ನಡುವಿನ ಸಂದಿಯಲ್ಲಿ ತೇವ ಕೂರುತ್ತದೆ, ಹೊರಗಿನಿಂದ ಎಷ್ಟು ಒರೆಸಿದರೂ ಚಿತ್ರ ಹಾಲುಹಾಲಾಗಿಯೇ ಇರುತ್ತದೆ. ಕಳಚಿ ಐದು ನಿಮಿಷ ಬಿಡಿ, ಒರೆಸಬೇಡಿ. ಧೂಳಿಗೆ ಮೊದಲು ಬ್ಲೋವರ್, ಆಮೇಲೆ ಬಟ್ಟೆ. ಬಯಲಿನ ಧೂಳಿನಲ್ಲಿ ಮರಳಿದೆ, ಅಂಗಿಯ ತುದಿಯಲ್ಲಿ ಉಜ್ಜಿದರೆ ಗೀರು ಖಂಡಿತ.

ಬೇರೆ ದಾರಿಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅಗ್ಗದ ಒಂಟಿಗಾಜಿನ ಸೆಟ್ಟಿನಲ್ಲಿ ಬಿಳಿ ತುಂಬೆ ಹೂವಿನ ಅಂಚಿಗೆ ನೇರಳೆ, ಹಸಿರು ಗೆರೆ ಬರುತ್ತದೆ, ಮೂಲೆಗಳು ಕರಗುತ್ತವೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸುವ ಎಕ್ಸ್‌ಟೆನ್ಷನ್ ಟ್ಯೂಬ್ 50 ಮಿ.ಮೀ. ಲೆನ್ಸಿಗೆ ಸರಿ, 250 ಮಿ.ಮೀ. ಝೂಮಿಗೆ ಒಂದು ಪಟ್ಟು ಹಿಗ್ಗಿಸಲು ಸುಮಾರು ಕಾಲು ಮೀಟರ್ ಟ್ಯೂಬ್ ಬೇಕು, ಅದು ಆಗದ ಮಾತು. ಮೊಬೈಲಿನ ಕ್ಲಿಪ್ ಲೆನ್ಸುಗಳಿಗೆ ಹೂವು ಪರವಾಗಿಲ್ಲ, ಹುಳಕ್ಕೆ ಮೂಗು ತಾಗಿಸುವಷ್ಟು ಹತ್ತಿರ ಹೋಗಬೇಕು. 100 ಮಿ.ಮೀ. ಮ್ಯಾಕ್ರೋ ಲೆನ್ಸು ಎಲ್ಲಕ್ಕಿಂತ ಹರಿತ, ಬೆಲೆಯೂ ಹಲವು ಪಟ್ಟು. ಅದನ್ನು ಕೊಂಡ ಮೇಲೂ ಈ ಗಾಜು ಮೂಲೆಗೆ ಬೀಳುವುದಿಲ್ಲ, ಅದರ ಮೂತಿಗೇ ಸಿಕ್ಕಿಸಿ ಇನ್ನೂ ಹಿಗ್ಗಿಸಬಹುದು.

ಬಳಸಿದ್ದನ್ನು ಕೊಳ್ಳುವವರು ಮೂರು ನೋಡಿ: ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದಾಗ ಗಾಜಿನೊಳಗೆ ಜೇಡರ ಬಲೆಯಂಥ ಬೂಷ್ಟು ಇದೆಯೇ, ಹಿಂಬದಿಯ 43ರ ತಿರುಪಿಗೆ ರಿಂಗು ಒತ್ತಡವಿಲ್ಲದೆ ತಿರುಗುತ್ತದೆಯೇ, ಕ್ಲಿಪ್ಪಿನ ಎರಡೂ ಸ್ಪ್ರಿಂಗುಗಳು ಒಂದೇ ಬಿಗಿಯಲ್ಲಿ ಹಿಂದಕ್ಕೆ ಬರುತ್ತವೆಯೇ. ಮೂರನೆಯದು ಸಡಿಲವಿದ್ದರೆ ಚೌಕಾಸಿ ಮಾಡಿ, ಹೇಗೂ ರಿಂಗು ಹಾಕುತ್ತೀರಿ. ಮೊದಲನೆಯದಿದ್ದರೆ ಬಿಟ್ಟುಬಿಡಿ.